ಬಡ್ಡಿ ಬೇಡ ಅನ್ನುವವರಿಗೆ ಮಲೆನಾಡಲ್ಲಿ ಯಾವ ದಾರಿ?

ಶಿವಮೊಗ್ಗದಲ್ಲಿ ಅಂಗಡಿಗಳ ಲೆಕ್ಕ ಬರೆದುಕೊಂಡಿರುವವನು ನಾನು. ಬಡ್ಡಿ ಇಲ್ಲದೆ ದುಡ್ಡು ಎಲ್ಲಿ ಸಿಗುತ್ತೆ ಅಂತ ಕೇಳಿಕೊಂಡು ಬರುವವರು ವರ್ಷವಿಡೀ ಇರುತ್ತಾರೆ. ಮಳೆಗಾಲ ಹಿಡಿಯುವ ಮುಂಚೆ, ಮಕ್ಕಳ ಫೀಸು ಮತ್ತು ತೋಟದ ಔಷಧಿ ಖರ್ಚು ಒಟ್ಟಿಗೆ ಬೀಳುವ ಹೊತ್ತಿಗೆ, ಇನ್ನೂ ಜಾಸ್ತಿ. ಹೆಚ್ಚಿನವರು ಮುಸ್ಲಿಮರು, ಎಲ್ಲರೂ ಅಲ್ಲ. ಬಂದವರು ಮೊದಲು ಕೇಳುವುದು 'ಇದು ಹಲಾಲಾ?' ಅಂತ. ನಾನು ಮುಫ್ತಿ ಅಲ್ಲ, ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಆದರೆ ಕಾಗದ ಓದುತ್ತೇನೆ. ಓದುವಾಗ ಮೊದಲು ಹುಡುಕುವುದು ಒಂದನ್ನೇ. ಸರಕು ಹಾಳಾದರೆ, ಬೆಳೆ ಹೋದರೆ, ಅಂಗಡಿ ಮುಳುಗಿದರೆ ನಷ್ಟ ಯಾರ ತಲೆಗೆ?

ಈ ಪ್ರಶ್ನೆ ನನ್ನದಲ್ಲ. ಯಾರು ಹೊಣೆ ಹೊರುತ್ತಾರೋ ಆದಾಯ ಅವರದು ಎಂಬ ಅರ್ಥದ ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ಮಾತು ಇದೆ. ಫಿಕ್ಹ್, ಅಂದರೆ ಇಸ್ಲಾಮಿನ ನ್ಯಾಯಶಾಸ್ತ್ರದ ಪಂಡಿತರು ವ್ಯಾಪಾರದ ನಿಯಮಗಳನ್ನು ಕಟ್ಟಿದ್ದು ಬಹುಮಟ್ಟಿಗೆ ಅದರ ಮೇಲೆಯೇ. ಕುರ್‌ಆನಿನ ಎರಡನೇ ಅಧ್ಯಾಯದ 275ನೇ ವಚನ ವ್ಯಾಪಾರವನ್ನು ಒಪ್ಪುತ್ತದೆ, ರಿಬಾವನ್ನು, ಅಂದರೆ ಬಡ್ಡಿಯನ್ನು ನಿಷೇಧಿಸುತ್ತದೆ. ಮಜಾ ಏನೆಂದರೆ, 'ವ್ಯಾಪಾರವೂ ರಿಬಾ ಥರವೇ ಅಲ್ವಾ' ಎಂದು ವಾದಿಸುವವರ ಮಾತನ್ನೂ ಅದೇ ವಚನ ಎತ್ತಿ ಹೇಳುತ್ತದೆ. ಇವತ್ತು ನನ್ನ ಮೇಜಿನ ಎದುರು ಕೂತು ಜನ ಕೇಳುವುದೂ ಇದನ್ನೇ. 1111ರಲ್ಲಿ ತೀರಿಕೊಂಡ ಅಲ್ ಗಝಾಲಿ ಹಣವನ್ನು ಕನ್ನಡಿಗೆ ಹೋಲಿಸಿದರು. ಕನ್ನಡಿಗೆ ತನ್ನದೇ ಬಣ್ಣ ಇಲ್ಲ, ಎದುರಿಗಿರುವ ವಸ್ತುವಿನ ಬಣ್ಣವನ್ನೇ ತೋರಿಸುತ್ತದೆ. ಹಣವೂ ಹಾಗೆ ಬೇರೆ ವಸ್ತುಗಳ ಬೆಲೆ ತೋರಿಸಲು ಇರುವಂಥದ್ದು, ಅದನ್ನೇ ಸರಕು ಮಾಡಿಕೊಂಡು ಮಾರಬಾರದು ಎಂಬುದು ಅವರ ವಾದ.

ಇಷ್ಟು ತಲೆಯಲ್ಲಿಟ್ಟುಕೊಂಡು ಒಂದೊಂದೇ ದಾರಿ ನೋಡೋಣ.

ಇಸ್ಲಾಮಿಕ್ ಬ್ಯಾಂಕ್ ಹುಡುಕಬೇಡಿ

ಶಿವಮೊಗ್ಗದಲ್ಲಷ್ಟೇ ಅಲ್ಲ, ಇಡೀ ದೇಶದಲ್ಲೇ ಇಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಬ್ಯಾಂಕು ಸರಕು ಕೊಂಡು ಮಾರುವ ವ್ಯಾಪಾರ ಮಾಡುವಂತಿಲ್ಲ. ಇಸ್ಲಾಮಿಕ್ ಬ್ಯಾಂಕ್ ನಡೆಯುವುದೇ ಕೊಂಡು ಮಾರುವುದರ ಮೇಲೆ. ಹಾಗಾಗಿ ಬಾಗಿಲಲ್ಲೇ ತಡೆ. 2008ರಲ್ಲಿ ರಘುರಾಮ್ ರಾಜನ್ ನೇತೃತ್ವದ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬಗ್ಗೆ ಯೋಚಿಸಿ ಎಂದಿತು. 2015ರ ಕೊನೆಗೆ ದೀಪಕ್ ಮೊಹಾಂತಿ ಸಮಿತಿ, ಮಾಮೂಲಿ ಬ್ಯಾಂಕಿನಲ್ಲೇ ಬಡ್ಡಿರಹಿತ ಕೌಂಟರ್ ತೆರೆಯಬಹುದು ಎಂದಿತು. 2017ರಲ್ಲಿ ಆರ್‌ಬಿಐ ಆ ಪ್ರಸ್ತಾವವನ್ನು ಕೈಬಿಟ್ಟಿತು.

ವಿಚಿತ್ರ ಅನಿಸುವುದು ಇಲ್ಲೇ. ಬಡ್ಡಿ ಇಲ್ಲದ ಬ್ಯಾಂಕ್ ಹೇಗಿರಬೇಕು ಎಂದು ಜಗತ್ತಿಗೆ ಪಾಠ ಹೇಳಿದವರಲ್ಲಿ ನಮ್ಮ ದೇಶದವರೇ ಇದ್ದರು. ಗೋರಖ್‌ಪುರದಲ್ಲಿ ಹುಟ್ಟಿ ಅಲಿಗಢದಲ್ಲಿ ಪಾಠ ಮಾಡಿದ ಮುಹಮ್ಮದ್ ನೆಜಾತುಲ್ಲಾ ಸಿದ್ದೀಖಿ ಈ ವಿಷಯದ ದೊಡ್ಡ ಹೆಸರು. 1982ರಲ್ಲಿ ಅವರಿಗೆ ಕಿಂಗ್ ಫೈಸಲ್ ಪ್ರಶಸ್ತಿ ಬಂತು. ಹೈದರಾಬಾದಿನ ಮುಹಮ್ಮದ್ ಹಮೀದುಲ್ಲಾ ತಮ್ಮೂರಿನ ಬಡ್ಡಿರಹಿತ ಸಾಲದ ಸಂಘಗಳ ಬಗ್ಗೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಬರೆದಿದ್ದರು. ಈಜಿಪ್ಟಿನ ಮಿತ್ ಗಮ್ರ್ ಎಂಬ ಊರಲ್ಲಿ ಅಹ್ಮದ್ ಅಲ್ ನಜ್ಜಾರ್ ರೈತಾಪಿ ಜನರಿಗಾಗಿ ಬಡ್ಡಿ ಇಲ್ಲದ ಉಳಿತಾಯ ಬ್ಯಾಂಕ್ ಶುರು ಮಾಡಿದ್ದು 1963ರಲ್ಲಿ. ಜರ್ಮನಿಯ ಹಳ್ಳಿ ಉಳಿತಾಯ ಬ್ಯಾಂಕುಗಳನ್ನು ನೋಡಿ ಬಂದಿದ್ದವರು ಅವರು. ಇಸ್ಲಾಮಿಕ್ ಎಂಬ ಬೋರ್ಡು ಕೂಡ ಹಾಕಿರಲಿಲ್ಲ. ಕೆಲವೇ ವರ್ಷಗಳಲ್ಲಿ ಸರ್ಕಾರ ಅದನ್ನು ಮುಗಿಸಿತು, ಆದರೆ ಮಾದರಿ ಉಳಿಯಿತು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಬಂತು.

ನಮಗೆ ಉಳಿದಿರುವುದು ಸಹಕಾರ ಸಂಘ, ಪಾಲುದಾರಿಕೆ, ನೇರ ವ್ಯಾಪಾರ, ಷೇರು. ಇವುಗಳಲ್ಲೇ ಆರಿಸಬೇಕು.

ತುರ್ತು ಖರ್ಚಿಗೆ: ಸಂಘವೋ, ಬಂಗಾರದ ಸಾಲವೋ?

ಆಸ್ಪತ್ರೆ, ಫೀಸು, ಮನೆ ಮಾಡು ರಿಪೇರಿ. ಇಂಥದ್ದಕ್ಕೆ ಕರ್ಜೆ ಹಸನ್ ಬಿಟ್ಟರೆ ಬೇರೆ ಮಾತೇ ಇಲ್ಲ. ಕೊಟ್ಟಷ್ಟೇ ವಾಪಸ್. ಜಮಾತಿನ ಬೈತುಲ್ ಮಾಲ್ (ಸಮುದಾಯದ ನಿಧಿ) ಇದ್ದರೆ ಅಲ್ಲಿ, ಇಲ್ಲದಿದ್ದರೆ ಬಡ್ಡಿರಹಿತ ಸಹಕಾರ ಸಂಘದಲ್ಲಿ ಕೇಳಬೇಕು. ಸಾಮಾನ್ಯವಾಗಿ ಬಂಗಾರ ಅಡ ಇಟ್ಟುಕೊಂಡು ಕೊಡುತ್ತಾರೆ. ದೇವಬಂದ್‌ನ ಮುಸ್ಲಿಂ ಫಂಡ್ 1961ರಲ್ಲಿ ಶುರುವಾದದ್ದು ಇದೇ ದಾರಿಯಲ್ಲಿ.

ಸಂಘ ನಡೆಸಲು ಖರ್ಚಿದೆ, ಹಾಗಾಗಿ ಸೇವಾ ಶುಲ್ಕ ತೆಗೆದುಕೊಳ್ಳುತ್ತಾರೆ. ಕಣ್ಣಿಡಬೇಕಾದದ್ದು ಅಲ್ಲೇ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ, ಶುಲ್ಕ ತೆಗೆದುಕೊಳ್ಳಬಹುದು, ಆದರೆ ನಿಜವಾಗಿ ಆದ ಖರ್ಚಿನಷ್ಟೇ ಎಂದಿತು. ಈಗ ಸಂಘದ ದರಪಟ್ಟಿ ನೋಡಿ. ₹20,000 ಸಾಲಕ್ಕೆ ₹300, ₹2,00,000 ಸಾಲಕ್ಕೆ ₹3,000 ಎಂದಿದ್ದರೆ ಅದು ಶುಲ್ಕ ಅಲ್ಲ, ಶೇಕಡಾ ಲೆಕ್ಕ. ಅರ್ಜಿ ಬರೆಯುವುದು, ಬಂಗಾರ ತೂಗುವುದು, ಬೀರುವಿನಲ್ಲಿ ಇಡುವುದು ಎರಡಕ್ಕೂ ಒಂದೇ ಕೆಲಸ ತಾನೇ? ತಿಂಗಳು ಹೋದಂತೆ ಶುಲ್ಕವೂ ಏರಿದರೆ ಇನ್ನೂ ಸ್ಪಷ್ಟ. ಅಂಥ ಕಡೆ ಶುಲ್ಕದ ಒಟ್ಟು ಮೊತ್ತವನ್ನು ಬ್ಯಾಂಕಿನ ಬಂಗಾರದ ಸಾಲದ ಬಡ್ಡಿಯ ಪಕ್ಕ ಇಟ್ಟು ನೋಡಿ. ಕೆಲವೊಮ್ಮೆ ಬ್ಯಾಂಕೇ ಅಗ್ಗ ಬೀಳುತ್ತದೆ.

ಇನ್ನೊಂದು ವಿಷಯ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ₹5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕ್ ಅಲ್ಲದ ಸಹಕಾರ ಸಂಘಕ್ಕೆ ಅದು ಇಲ್ಲ. ಸಾಲ ತೆಗೆದುಕೊಳ್ಳುವವರಿಗೆ ಇದರಿಂದ ತೊಂದರೆಯಿಲ್ಲ. ಮಗಳ ಮದುವೆ ದುಡ್ಡು ಅಲ್ಲಿಡುವವರು ಮಾತ್ರ ಯೋಚಿಸಬೇಕು. 1959ರ ಸಹಕಾರ ಸಂಘಗಳ ಕಾಯ್ದೆಯಲ್ಲೋ 1997ರ ಸೌಹಾರ್ದ ಕಾಯ್ದೆಯಲ್ಲೋ ನೋಂದಣಿ ಆಗಿದೆಯಾ, ವರ್ಷ ವರ್ಷ ಆಡಿಟ್ ಆಗಿದೆಯಾ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಪಹಣಿ ಇರುವವರು ಇಷ್ಟೆಲ್ಲ ಓಡಾಡುವ ಮೊದಲು ಊರಿನ ಸೊಸೈಟಿಗೆ ಹೋಗಬೇಕು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಬೆಳೆ ಸಾಲಕ್ಕೆ ರೈತರಿಂದ ಬಡ್ಡಿ ಇಲ್ಲ. 2023ರ ಬಜೆಟ್‌ನಲ್ಲಿ ಮಿತಿಯನ್ನು ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಲಾಯಿತು. ಎಲ್ಲರಿಗೂ ಅಷ್ಟೂ ಸಿಗುವುದಿಲ್ಲ, ಜಮೀನು ಮತ್ತು ಬೆಳೆ ನೋಡಿ ನಿಗದಿ ಮಾಡುತ್ತಾರೆ. ಆದರೂ ಮಲೆನಾಡಿನ ಬೆಳೆಗಾರನಿಗೆ ಸುಲಭವಾಗಿ ಸಿಗುವ ಬಡ್ಡಿ ಇಲ್ಲದ ದುಡ್ಡು ಇದೇ. ಯಾವ ಇಸ್ಲಾಮಿಕ್ ಬೋರ್ಡೂ ಇಲ್ಲ. ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ರೈತ ಕಟ್ಟಬೇಕಾದ ಬಡ್ಡಿಯನ್ನು ಸರ್ಕಾರ ತುಂಬಿಕೊಡುತ್ತದೆ ಎಂಬುದೂ ನಿಜ. ಈ ಎರಡು ಮಾತು ಮನಸ್ಸಿಗೆ ಚುಚ್ಚುವವರು ತಮ್ಮ ಮುಫ್ತಿಗಳಲ್ಲಿ ಕೇಳಿಕೊಳ್ಳಲಿ. ಬಗರ್ ಹುಕುಂ ಜಮೀನಿನವರಿಗೆ, ಹಕ್ಕುಪತ್ರ ಬರದವರಿಗೆ ಮಾತ್ರ ಈ ಬಾಗಿಲು ತೆರೆಯುವುದು ಕಷ್ಟ.

ಯಂತ್ರ, ಗಾಡಿಗೆ: ಮುರಾಬಹವೋ, ಬ್ಯಾಂಕ್ ಸಾಲವೋ?

ಅಡಿಕೆ ಸುಲಿಯುವ ಯಂತ್ರ ಬೇಕು ಎಂದುಕೊಳ್ಳಿ. ಬೆಲೆ ₹1,20,000. ಸಂಘದವರು ಅಥವಾ ದುಡ್ಡಿರುವ ವ್ಯಾಪಾರಿ ಯಂತ್ರವನ್ನು ತಾವು ಕೊಂಡು, ₹18,000 ಲಾಭ ಇಟ್ಟು, ₹1,38,000ಕ್ಕೆ ನಿಮಗೆ ಮಾರುತ್ತಾರೆ. ತಿಂಗಳಿಗೆ ₹11,500ರಂತೆ 12 ಕಂತು. ಇದು ಮುರಾಬಹ.

ಹಳೆಯ ಕಾಲದಲ್ಲಿ ಮುರಾಬಹಕ್ಕೂ ಸಾಲಕ್ಕೂ ಸಂಬಂಧವೇ ಇರಲಿಲ್ಲ. ಅದು ನಂಬಿಕೆಯ ಮಾರಾಟ. ಅಸಲು ಇಷ್ಟು, ನನ್ನ ಲಾಭ ಇಷ್ಟು ಎಂದು ಮಾರುವವನು ಬಾಯಿಬಿಟ್ಟು ಹೇಳಬೇಕು. ಬೆಲೆ ಗೊತ್ತಿಲ್ಲದ ಗಿರಾಕಿಗೆ ಮೋಸ ಆಗದಿರಲಿ ಎಂಬ ಏರ್ಪಾಡು. ಅದನ್ನು ಬ್ಯಾಂಕಿನ ಸಾಧನವಾಗಿ ಬಳಸುವ ದಾರಿ ಹಾಕಿಕೊಟ್ಟವರು ಜೋರ್ಡಾನಿನ ಸಾಮಿ ಹಮೂದ್, 1976ರ ತಮ್ಮ ಪ್ರಬಂಧದಲ್ಲಿ. ಸಿದ್ದೀಖಿಯಂಥವರು ಕನಸು ಕಂಡದ್ದು ಲಾಭ ನಷ್ಟ ಹಂಚಿಕೊಳ್ಳುವ ಬ್ಯಾಂಕನ್ನು. ಬ್ಯಾಂಕುಗಳು ಹಿಡಿದದ್ದು ಮುರಾಬಹವನ್ನು. ನಷ್ಟದ ತಲೆನೋವು ಇದರಲ್ಲಿ ಕಡಿಮೆ ನೋಡಿ.

ಈಗ ದುಡ್ಡಿನ ಲೆಕ್ಕ. ಅದೇ ₹1,20,000ಕ್ಕೆ ಬ್ಯಾಂಕು ವರ್ಷಕ್ಕೆ 12% ಬಡ್ಡಿ ಹಾಕಿ, ಅಸಲು ಇಳಿದಂತೆ ಬಡ್ಡಿಯೂ ಇಳಿಯುವ ಲೆಕ್ಕದಲ್ಲಿ ಕೊಟ್ಟರೆ, ಕಂತು ಸುಮಾರು ₹10,662. ವರ್ಷದ ಬಡ್ಡಿ ₹8,000ಕ್ಕೂ ಸ್ವಲ್ಪ ಕಡಿಮೆ. ಮುರಾಬಹದಲ್ಲಿ ನೀವು ಜಾಸ್ತಿ ಕೊಟ್ಟದ್ದು ₹18,000. 'ಬರೀ 15% ಲಾಭ' ಎಂದು ಕೇಳಿದಾಗ ಹಗುರ ಅನಿಸುತ್ತದೆ. ತಿಂಗಳು ತಿಂಗಳು ಅಸಲು ವಾಪಸ್ ಹೋಗುತ್ತಿರುವುದರಿಂದ, ಬ್ಯಾಂಕಿನ ಅಳತೆಗೆ ತಿರುಗಿಸಿದರೆ ಅದು ವರ್ಷಕ್ಕೆ 26-27% ಆಗುತ್ತದೆ. ಧರ್ಮಕ್ಕಾಗಿ ಜಾಸ್ತಿ ಕೊಡಲು ತಯಾರಿದ್ದರೆ ಕೊಡಿ, ತಪ್ಪಿಲ್ಲ. ಎಷ್ಟು ಜಾಸ್ತಿ ಕೊಡುತ್ತಿದ್ದೀರಿ ಎಂದು ಗೊತ್ತಿರಲಿ. ಚೌಕಾಸಿಯೂ ಮಾಡಿ. ಇದು ಮಾರಾಟ, ಚೌಕಾಸಿ ನಿಮ್ಮ ಹಕ್ಕು.

ಜಾಸ್ತಿ ಕೊಟ್ಟದ್ದಕ್ಕೆ ಸಿಗಬೇಕಾದದ್ದು ಸಿಗುತ್ತಿದೆಯಾ ಅನ್ನುವುದು ಮುಖ್ಯ. ಅಂಗಡಿಯ ಬಿಲ್ ಮೊದಲು ಯಾರ ಹೆಸರಲ್ಲಿದೆ? ಶಿವಮೊಗ್ಗದಿಂದ ಹೊಸನಗರಕ್ಕೆ ಲಾರಿಯಲ್ಲಿ ಬರುವಾಗ ಯಂತ್ರದ ಗೇರ್ ಮುರಿದರೆ ಯಾರು ಭರಿಸಬೇಕು? ನಿಮಗೆ ಮಾರುವವರೆಗೆ ಅದು ಅವರದೇ ಸರಕು, ಭರಿಸಬೇಕಾದವರು ಅವರೇ. ₹1,20,000 ನಗದು ನಿಮ್ಮ ಕೈಗಿಟ್ಟು 'ನೀನೇ ಕೊಂಡ್ಕೋ, ಬಿಲ್ ತಂದುಕೊಡು' ಎಂದರೆ ಅದು ಸಾಲ, ಮೇಲಿನ ₹18,000 ಬಡ್ಡಿ. ಹೆಸರು ಏನೇ ಇರಲಿ. ಕಂತು ತಡವಾದಾಗ ಹಾಕುವ ದಂಡ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. ಅವರ ಆದಾಯಕ್ಕೆ ಸೇರಬಾರದು, ದಾನಕ್ಕೆ ಹೋಗಬೇಕು. ಸರಕನ್ನು ಕಂತಿಗೆ ಕೊಂಡು ಕೂಡಲೇ ಇನ್ನೊಬ್ಬರಿಗೆ ಮಾರಿ ನಗದು ಮಾಡಿಕೊಳ್ಳುವ ತವರ್ರುಖ್ ಎಂಬ ಉಪಾಯವನ್ನು ಬ್ಯಾಂಕುಗಳು ವ್ಯವಸ್ಥಿತವಾಗಿ ನಡೆಸುವುದನ್ನು 2009ರಲ್ಲಿ ಶಾರ್ಜಾದಲ್ಲಿ ಸೇರಿದ ಫಿಕ್ಹ್ ಅಕಾಡೆಮಿಯೇ ಒಪ್ಪಲಿಲ್ಲ.

ಬಂಡವಾಳಕ್ಕೆ: ಪಾಲುದಾರಿಕೆ, ಆದರೆ ಬರಹದಲ್ಲಿ

ದಮ್ಮಾಮ್‌ನಲ್ಲಿ ದುಡಿಯುವ ಚಾಚಾ ₹6 ಲಕ್ಷ ಹಾಕುತ್ತಾರೆ, ತೀರ್ಥಹಳ್ಳಿಯಲ್ಲಿರುವ ಹುಡುಗ ಮಸಾಲೆ ಅಂಗಡಿ ನಡೆಸುತ್ತಾನೆ. ಇಂಥ ಲೆಕ್ಕಗಳು ನನ್ನ ಕೈಲಿ ಸಾಕಷ್ಟು ಓಡಾಡುತ್ತವೆ. ಒಬ್ಬರ ದುಡ್ಡು, ಇನ್ನೊಬ್ಬರ ದುಡಿಮೆ. ಇದೇ ಮುದಾರಬ. ಖದೀಜಾ ಅವರ ಸರಕು ತೆಗೆದುಕೊಂಡು ಮುಹಮ್ಮದರು ಸಿರಿಯಾ ಕಡೆ ವ್ಯಾಪಾರಕ್ಕೆ ಹೋಗಿದ್ದು ಇಂಥದೇ ಏರ್ಪಾಡಿನಲ್ಲಿ. ಇಬ್ಬರೂ ದುಡ್ಡು ಹಾಕಿದರೆ ಮುಶಾರಕ.

ಕೆಡುವುದು ಯಾವಾಗ ಎಂದರೆ ಫೋನಿನಲ್ಲಿ ಹೀಗೆ ಮಾತಾದಾಗ: 'ಬೇಟಾ, ಲೆಕ್ಕಗಿಕ್ಕ ಏನೂ ಬೇಡ, ತಿಂಗಳಿಗೆ ಹತ್ತು ಸಾವಿರ ಮನೆಗೆ ಕೊಟ್ಟುಬಿಡು.' 'ಆಯ್ತು ಚಾಚಾ.' ಇಬ್ಬರಿಗೂ ಇದು ಪಾಲುದಾರಿಕೆ ಅನಿಸುತ್ತದೆ. ಆದರೆ ₹6 ಲಕ್ಷಕ್ಕೆ ವರ್ಷಕ್ಕೆ ₹1,20,000, ಅಂಗಡಿ ನಡೆದರೂ ನಡೆಯದಿದ್ದರೂ. 20% ಬಡ್ಡಿಯ ಸಾಲಕ್ಕೂ ಇದಕ್ಕೂ ಏನು ವ್ಯತ್ಯಾಸ? ಮುದಾರಬದಲ್ಲಿ ಮೊತ್ತ ಗೊತ್ತು ಮಾಡುವಂತಿಲ್ಲ, ಲಾಭದಲ್ಲಿ ಪಾಲು ಗೊತ್ತು ಮಾಡಬೇಕು. 60:40 ಇರಲಿ, 50:50 ಇರಲಿ. ನಷ್ಟ ಬಂದರೆ ದುಡ್ಡು ಹಾಕಿದವರದು. ದುಡಿದವನಿಗೆ ದುಡಿಮೆ ಹೋಯಿತು, ಅದೇ ಅವನ ನಷ್ಟ. ಅವನ ಬೇಜವಾಬ್ದಾರಿಯಿಂದಲೋ ಮೋಸದಿಂದಲೋ ಹೋದರೆ ಮಾತ್ರ ಅವನು ಭರಿಸಬೇಕು.

ಇಲ್ಲಿ ನಮ್ಮ ಕಾನೂನು ಬೇರೆಯೇ ಹೇಳುತ್ತದೆ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಲಾಭವೂ ನಷ್ಟವೂ ಸಮಪಾಲು. ಅಂದರೆ ಏನೂ ಬರೆದುಕೊಳ್ಳದೆ ಕೂತರೆ ಹುಡುಗನ ತಲೆಗೆ ಅರ್ಧ ನಷ್ಟ. ಚಾಚಾನಿಗೂ ಅಪಾಯ ಇದೆ. ಫಿಕ್ಹ್ ಪ್ರಕಾರ ಅವರು ಕಳೆದುಕೊಳ್ಳುವುದು ಹೆಚ್ಚೆಂದರೆ ಹಾಕಿದ ₹6 ಲಕ್ಷ. ಕಾಯ್ದೆ ಪ್ರಕಾರ ಅಂಗಡಿಯ ಸಾಲಕ್ಕೆ ಪಾಲುದಾರರೆಲ್ಲರ ಸ್ವಂತ ಆಸ್ತಿಯೂ ಹೊಣೆ. ದೊಡ್ಡ ಮೊತ್ತವಾದರೆ 2008ರ ಕಾಯ್ದೆಯಡಿ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿಸುವುದು ಮುದಾರಬಕ್ಕೆ ಹತ್ತಿರ ಬರುತ್ತದೆ. ಚಿಕ್ಕದಾದರೆ ಪಾಲುದಾರಿಕೆ ಪತ್ರ ಬರೆಸಿ, ನೋಂದಣಿ ಮಾಡಿಸಿ. ನೋಂದಣಿ ಆಗದ ಸಂಸ್ಥೆಯ ಪಾಲುದಾರ ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡುವಂತಿಲ್ಲ. ಮನೆಯವರ ನಡುವೆ ಕಾಗದ ಯಾಕೆ ಎನ್ನುವವರಿಗೆ ಕುರ್‌ಆನಿನಲ್ಲೇ ಉತ್ತರ ಇದೆ. ಬಡ್ಡಿಯ ವಚನಗಳು ಮುಗಿದ ಮೇಲೆ ಬರುವ 282ನೇ ವಚನ, ಗಡುವಿನ ಸಾಲವನ್ನು ಸಾಕ್ಷಿ ಇಟ್ಟು ಬರೆದುಕೊಳ್ಳಿ ಎಂದು ಹೇಳುತ್ತದೆ. ಇಡೀ ಕುರ್‌ಆನಿನಲ್ಲಿ ಅತಿ ಉದ್ದದ ವಚನ ಅದು.

ಹುಡುಗನ ಖರ್ಚಿಗೆ ಏನು ಎಂದು ಕೇಳುತ್ತಾರೆ. ಲಾಭದ ಪಾಲಿನ ಮೇಲೆ ಮುಂಗಡ ತೆಗೆದುಕೊಂಡು ವರ್ಷದ ಕೊನೆಗೆ ಲೆಕ್ಕ ಸರಿಮಾಡಿಕೊಳ್ಳಬಹುದು. ತಿಂಗಳ ಲೆಕ್ಕವನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರೆ ಜಗಳ ಅರ್ಧಕ್ಕರ್ಧ ಕಡಿಮೆ.

ಅಡಿಕೆ: ಮಂಡಿ ಮುಂಗಡ, ಚೇಣಿ, ಸಲಮ್

ಇದೇ ನನಗೆ ಪ್ರಿಯವಾದ ಭಾಗ. ಮದೀನಾದ ಖರ್ಜೂರದ ತೋಟಗಳಲ್ಲಿ ಎದ್ದ ಪ್ರಶ್ನೆಗಳು ನಮ್ಮ ಅಡಿಕೆ ತೋಟದಲ್ಲಿ ಹಾಗೆಯೇ ಕೂರುತ್ತವೆ.

ಮಂಡಿ ಮುಂಗಡ ಎಲ್ಲರಿಗೂ ಗೊತ್ತು. ಜೂನ್‌ನಲ್ಲಿ ದುಡ್ಡು ಬೇಕು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಮಂಡಿಯವರು ಕೊಡುತ್ತಾರೆ, ಅಡಿಕೆ ತಮ್ಮ ಮಂಡಿಗೇ ಬರಬೇಕು ಎನ್ನುತ್ತಾರೆ. ಕೆಲವರು ಬಡ್ಡಿ ಹಾಕುತ್ತಾರೆ, ಕೆಲವರು 'ನಿಮ್ಮ ಹತ್ರ ಬಡ್ಡಿ ಯಾಕೆ ಸಾಹೇಬ್ರೆ' ಎಂದು ಬಿಟ್ಟುಬಿಡುತ್ತಾರೆ. ಬಡ್ಡಿ ಬಿಟ್ಟರೆ ಶುದ್ಧವಾಯಿತು ಎಂದು ಬೆಳೆಗಾರ ನಿರಾಳ. ಆದರೆ ಸಾಲ ಮತ್ತು ಮಾರಾಟ ಎರಡನ್ನೂ ಒಂದಕ್ಕೊಂದು ಗಂಟು ಹಾಕಬಾರದು ಎಂಬ ಹದೀಸ್ ಇದೆ. ಕಾರಣ ಸರಳ. ಸಾಲದ ದಾಕ್ಷಿಣ್ಯಕ್ಕೆ ಬಿದ್ದವನು ದರದಲ್ಲಿ, ತೂಕದಲ್ಲಿ, ಕಮಿಷನ್‌ನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಕ್ವಿಂಟಾಲ್‌ಗೆ ₹500 ಕಡಿಮೆ ಬಂದರೂ ಬಡ್ಡಿ ಬೇರೆ ದಾರಿಯಲ್ಲಿ ಬಂದಂತೆಯೇ. ಮುಂಗಡ ತೆಗೆದುಕೊಂಡರೂ ಬೇಕಾದ ಕಡೆ ಮಾರುವ ಸ್ವಾತಂತ್ರ್ಯ ಇದ್ದರೆ ಮಾತು ಬೇರೆ.

ಚೇಣಿ ಇನ್ನೊಂದು. ಮರದ ಮೇಲಿನ ಫಸಲನ್ನೇ ಚೇಣಿದಾರನಿಗೆ ವಹಿಸುವುದು. ಇದರಲ್ಲಿ ಎರಡು ಬಗೆ ಇವೆ, ಬೆರೆಸಬಾರದು. ಇಡೀ ತೋಟಕ್ಕೆ ಇಷ್ಟು ಎಂದು ಹಿಂಗಾರ ಬಿಡುವ ಹೊತ್ತಿಗೇ ಮೊತ್ತ ಮಾತಾಡುವುದು ಒಂದು. ಕೊಯ್ದ ಹಸಿ ಅಡಿಕೆಯನ್ನು ತೂಗಿ ಲೆಕ್ಕ ಹಾಕುವುದು ಇನ್ನೊಂದು. ಮೊದಲನೆಯದರ ಬಗ್ಗೆ ಹದೀಸ್ ನೇರವಾಗಿದೆ. ಫಲ ಬಲಿಯುವ ಲಕ್ಷಣ ಕಾಣುವ ಮೊದಲು ಮಾರಬೇಡಿ. ಫಲ ಬಾರದೇ ಹೋದರೆ ನಿನ್ನ ಸಹೋದರನ ದುಡ್ಡನ್ನು ಯಾವ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತೀಯ ಎಂಬ ಪ್ರಶ್ನೆಯೂ ಜೊತೆಗಿದೆ. ಆಗಸ್ಟ್‌ನಲ್ಲಿ ಮಳೆ ಬಿಡದೆ ಹೊಡೆದು ಕೊಳೆ ಬಂದ ವರ್ಷ ಈ ಪ್ರಶ್ನೆಯ ಬಿಸಿ ಗೊತ್ತಾಗುತ್ತದೆ. ಎಲೆಚುಕ್ಕಿ ರೋಗ ಬಂದ ಮೇಲಂತೂ ತೋಟ ನೋಡಿ ಫಸಲು ಹೇಳುವುದು ಹಳಬರಿಗೂ ಕಷ್ಟವಾಗಿದೆ. ತೂಕದ ಚೇಣಿಯಲ್ಲಿ ಈ ತಕರಾರು ಇಲ್ಲ. ಎಷ್ಟು ಬಂತೋ ಅಷ್ಟಕ್ಕೆ ದುಡ್ಡು. ಇವೆರಡರಲ್ಲಿ ಒಂದು ಎಂದರೆ ಹಿಂದೆ ಮುಂದೆ ನೋಡದೆ ತೂಕದ ಚೇಣಿಯನ್ನೇ ಹಿಡಿಯಿರಿ.

ಜೂನ್‌ನಲ್ಲೇ ದುಡ್ಡು ಬೇಕಾದವರಿಗೆ ತೂಕದ ಚೇಣಿ ಸಾಲದು. ಅವರಿಗೆ ಸಲಮ್, ಅಂದರೆ ದುಡ್ಡು ಪೂರ್ತಿ ಈಗ, ಸರಕು ಆಮೇಲೆ. ಮದೀನಾದ ಜನ ಖರ್ಜೂರಕ್ಕೆ ಒಂದು ವರ್ಷ, ಎರಡು ವರ್ಷ ಮುಂಚೆಯೇ ದುಡ್ಡು ಕೊಡುತ್ತಿದ್ದರು. ಪ್ರವಾದಿ ಅದನ್ನು ನಿಲ್ಲಿಸಲಿಲ್ಲ. ಅಳತೆ, ತೂಕ, ಗಡುವು ಮೂರೂ ಗೊತ್ತಿರಲಿ ಎಂದರು. ನಮ್ಮ ಲೆಕ್ಕಕ್ಕೆ ತಂದರೆ ಹೀಗೆ. ಜೂನ್‌ನಲ್ಲಿ ವ್ಯಾಪಾರಿ ₹4,00,000 ಪೂರ್ತಿ ಕೊಡುತ್ತಾನೆ. ಬೆಳೆಗಾರ ಜನವರಿ 15ಕ್ಕೆ 'ರಾಶಿ ಇಡಿ' ಎಂಬ ಬಗೆಯ ಅಡಿಕೆ 10 ಕ್ವಿಂಟಾಲ್ ಇಂಥ ಗೋದಾಮಿಗೆ ತಂದು ಹಾಕಬೇಕು. ಅಂದರೆ ಕ್ವಿಂಟಾಲ್‌ಗೆ ₹40,000. ಜನವರಿಯಲ್ಲಿ ದರ ₹48,000 ಆದರೆ ವ್ಯಾಪಾರಿಗೆ ₹80,000 ಲಾಭ. ₹35,000ಕ್ಕೆ ಬಿದ್ದರೆ ₹50,000 ಕೈಯಿಂದ ಹೋಯಿತು. ಅದೇ ₹4,00,000ವನ್ನು ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿಗೆ ಏಳು ತಿಂಗಳು ಕೊಟ್ಟಿದ್ದರೆ ದರ ಏನಾದರೂ ಆಗಲಿ, ₹42,000 ಖಾತ್ರಿ. ಎರಡರ ನಡುವಿನ ಅಂತರ ಇಷ್ಟೇ, ಮತ್ತು ಇದೇ ಎಲ್ಲ.

ಸಲಮ್‌ನ ಷರತ್ತುಗಳು ಬಿಗಿ. ದುಡ್ಡು ಪೂರ್ತಿ ಮೊದಲೇ ಬರಬೇಕು. 'ಅರ್ಧ ಈಗ, ಅರ್ಧ ಆಮೇಲೆ' ಎಂದರೆ ಆಗದು. ಅಡಿಕೆಯ ಬಗೆ ಬೆಟ್ಟೆಯೋ, ಗೊರಬಲೋ, ರಾಶಿಯೋ ಬರೆದಿರಬೇಕು. ಇಂಥ ತೋಟದ್ದೇ ಎಂದು ಕಟ್ಟುವಂತಿಲ್ಲ. ಇದು ಬಹಳ ಜನರಿಗೆ ಆಶ್ಚರ್ಯ. 'ನನ್ನ ಕೋಣಂದೂರಿನ ತೋಟದ ಅಡಿಕೆ' ಎಂದು ಬರೆದರೆ ಸಲಮ್ ಅಲ್ಲ, ಯಾಕೆಂದರೆ ಆ ಒಂದು ತೋಟ ಕೈಕೊಟ್ಟರೆ ಸರಕೇ ಇಲ್ಲ. ಇದರ ಇನ್ನೊಂದು ಮಗ್ಗುಲು ಬೆಳೆಗಾರನಿಗೆ ಭಾರ. ತನ್ನ ತೋಟಕ್ಕೆ ಕೊಳೆ ಬಂದರೂ ಹೊರಗೆ ಕೊಂಡಾದರೂ 10 ಕ್ವಿಂಟಾಲ್ ಒಪ್ಪಿಸಬೇಕು. ಹಾಗಾಗಿ ಪೂರ್ತಿ ಫಸಲಿಗೆ ಸಲಮ್ ಮಾಡಬೇಡಿ. ಕೆಟ್ಟ ವರ್ಷದಲ್ಲೂ ಎಷ್ಟು ಬರುತ್ತದೋ ಅದರ ಮೇಲೆ ಮಾಡಿ. ಕರಾರು ಮಾಡಿದ ದಿನದಿಂದ ಒಪ್ಪಿಸುವ ದಿನದವರೆಗೂ ಆ ಸರಕು ಪೇಟೆಯಲ್ಲಿ ಸಿಗುತ್ತಿರಬೇಕು ಎಂಬುದು ಫಿಕ್ಹ್‌ನ ಹನಫಿ ಪಂಥದವರ ಷರತ್ತು. ಶಾಫಿ ಪಂಥದವರು ಅಷ್ಟು ಕೇಳುವುದಿಲ್ಲ. ಶಿವಮೊಗ್ಗದ ಉರ್ದು ಮಾತಾಡುವವರು ಹೆಚ್ಚಾಗಿ ಹನಫಿ, ಘಟ್ಟ ಹತ್ತಿ ಬಂದ ಬ್ಯಾರಿಗಳು ಮತ್ತು ಭಟ್ಕಳದವರು ಶಾಫಿ. ಒಣ ಅಡಿಕೆ ವರ್ಷವಿಡೀ ಮಂಡಿಯಲ್ಲಿ ಇರುವುದರಿಂದ ಇಬ್ಬರಿಗೂ ತೊಂದರೆಯಿಲ್ಲ.

ತೋಟವನ್ನು ಪಾಲಿಗೆ ಕೊಡುವುದು ನಾಲ್ಕನೇ ದಾರಿ. ಖೈಬರಿನ ಖರ್ಜೂರದ ತೋಟಗಳನ್ನು ಅಲ್ಲಿನ ಯಹೂದಿಗಳಿಗೇ ಅರ್ಧ ಫಸಲಿನ ಮೇಲೆ ಬಿಟ್ಟುಕೊಟ್ಟದ್ದು ಇದಕ್ಕೆ ಆಧಾರ. ತಮಾಷೆ ಎಂದರೆ ಹನಫಿಗಳ ಗುರು ಅಬೂ ಹನೀಫಾ ಇದನ್ನು ಒಪ್ಪಿರಲಿಲ್ಲ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಿದರು, ಪದ್ಧತಿ ಶಿಷ್ಯರದ್ದೇ ನಿಂತಿತು. ಆದರೆ ನಮ್ಮ ಜಿಲ್ಲೆಯಲ್ಲಿ ಇದನ್ನು ಕಾಗದಕ್ಕೆ ಇಳಿಸುವಾಗ ಎಚ್ಚರ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ನೆಲ ಇದು. 1974ರ ಭೂಸುಧಾರಣಾ ತಿದ್ದುಪಡಿ ಬಂದ ಮೇಲೆ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಪಾಲಿನ ಕರಾರು ಗೇಣಿಯಂತೆ ಓದಿಸಿಕೊಂಡರೆ ಇಬ್ಬರಿಗೂ ತಲೆನೋವು. ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಉಳಿತಾಯಕ್ಕೆ

'ಹಲಾಲ್ ಹೂಡಿಕೆ, ತಿಂಗಳಿಗೆ ಇಷ್ಟು ಗ್ಯಾರಂಟಿ' ಎಂದು ಯಾರಾದರೂ ಬಂದರೆ ಆ ಎರಡು ಮಾತು ಒಟ್ಟಿಗೆ ನಿಲ್ಲುವುದೇ ಇಲ್ಲ. ಗ್ಯಾರಂಟಿ ಇದ್ದರೆ ಅದು ಪಾಲುದಾರಿಕೆ ಅಲ್ಲ. 2019ರ ಜೂನ್‌ನಲ್ಲಿ ಹಲಾಲ್ ಹೂಡಿಕೆ ಎಂದು ದುಡ್ಡು ಸಂಗ್ರಹಿಸುತ್ತಿದ್ದ ಬೆಂಗಳೂರಿನ ಐಎಂಎ ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಕುಟುಂಬಗಳ ದುಡ್ಡು ಸಿಕ್ಕಿಹಾಕಿಕೊಂಡಿತು. ಅಲ್ಲಿ ಹೂಡಿದವರನ್ನು ಪಾಲುದಾರರು ಎಂದೇ ಕರೆದಿದ್ದರು. ಲೆಕ್ಕಪತ್ರ ನೋಡುವ ಪಾಲುದಾರರಂತೂ ಅವರಾಗಿರಲಿಲ್ಲ. ಅದೇ ವರ್ಷ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂತು. ಸಂಸ್ಥೆಯೊಂದಕ್ಕೆ ಠೇವಣಿ ಪಡೆಯುವ ಅನುಮತಿ ಇದೆಯಾ ಎಂದು ಆರ್‌ಬಿಐನ ಸಚೇತ್ ಪೋರ್ಟಲ್‌ನಲ್ಲಿ ನೋಡಬಹುದು, ಅಲ್ಲೇ ದೂರೂ ಕೊಡಬಹುದು.

ಇದಕ್ಕೆ ಬದಲು ಶರಿಯಾ ಮ್ಯೂಚುವಲ್ ಫಂಡ್‌ಗಳು ಇವೆ. ಟಾಟಾ ಎಥಿಕಲ್, ಟಾರಸ್ ಎಥಿಕಲ್, ಮತ್ತು ಷೇರಿನಂತೆ ಕೊಳ್ಳುವ ನಿಪ್ಪಾನ್‌ನ ಶರಿಯಾ ಬೀಸ್. ಕೊನೆಯದಕ್ಕೆ ಡಿಮ್ಯಾಟ್ ಖಾತೆ ಬೇಕು. ಬ್ಯಾಂಕ್, ಮದ್ಯ, ತಂಬಾಕು ಕಂಪನಿಗಳನ್ನು ಇವು ಬಿಡುತ್ತವೆ, ಸಾಲ ಮಿತಿ ಮೀರಿದ ಕಂಪನಿಗಳನ್ನೂ ಬಿಡುತ್ತವೆ. ಇಸ್ಲಾಮಿಕ್ ಹಣಕಾಸಿಗೆ ನಿಯಮ ರೂಪಿಸುವ, ಬಹ್ರೇನ್‌ನಲ್ಲಿರುವ ಆವೋಫಿ ಸಂಸ್ಥೆಯ ಅಳತೆಯಲ್ಲಿ ಬಡ್ಡಿ ಸಾಲ ಕಂಪನಿಯ ಮಾರುಕಟ್ಟೆ ಮೌಲ್ಯದ 30% ದಾಟಬಾರದು, ನಿಷಿದ್ಧ ಆದಾಯ 5% ದಾಟಬಾರದು. ಬೇರೆ ಸೂಚ್ಯಂಕಗಳ ಅಳತೆ ಸ್ವಲ್ಪ ಬೇರೆ. ಹೇಗೂ ನಿಷಿದ್ಧ ಆದಾಯ ಪೂರ್ತಿ ಸೊನ್ನೆ ಅಲ್ಲ, ಹಾಗಾಗಿ ಆ ಪಾಲನ್ನು ಲೆಕ್ಕ ಹಾಕಿ ದಾನ ಮಾಡಿಬಿಡಿ ಎನ್ನುತ್ತಾರೆ. ನಷ್ಟ ನಿಮ್ಮದೇ. ಐದು ವರ್ಷಕ್ಕಿಂತ ಮೊದಲು ಬೇಕಾಗುವ ದುಡ್ಡನ್ನು ಇಲ್ಲಿ ಹಾಕಬೇಡಿ ಎಂಬುದು ನನ್ನ ಸಲಹೆ.

ಎರಡು ವರ್ಷದಲ್ಲಿ ಹಜ್‌ಗೆ ಹೊರಡುವವರಿಗೆ ಮಲೇಷ್ಯಾದಂತೆ ತಾಬುಂಗ್ ಹಾಜಿ ಎಂಬ ಹಜ್ ಉಳಿತಾಯ ನಿಧಿ ನಮ್ಮಲ್ಲಿಲ್ಲ. ಬ್ಯಾಂಕಿನ ಕರೆಂಟ್ ಖಾತೆಗೆ ಬಡ್ಡಿ ಇಲ್ಲ, ವಿಮೆ ಇದೆ, ಕನಿಷ್ಠ ಬ್ಯಾಲೆನ್ಸ್ ಇಡಬೇಕು ಅಷ್ಟೇ. ಉಳಿತಾಯ ಖಾತೆಯೇ ಇದ್ದವರು ಬಂದ ಬಡ್ಡಿಯನ್ನು ಪುಣ್ಯದ ಆಸೆ ಇಟ್ಟುಕೊಳ್ಳದೆ ಕೊಟ್ಟುಬಿಡುವ ರೂಢಿಯಿದೆ.

ಬಂಗಾರ ಕೊಳ್ಳುವುದಾದರೆ ಅಂಗಡಿಯವರ ಹನ್ನೊಂದು ಕಂತಿನ ಸ್ಕೀಮ್ ಬಗ್ಗೆ ಒಂದು ಮಾತು. ಚಿನ್ನ, ಬೆಳ್ಳಿ, ಗೋಧಿ, ಜವೆಗೋಧಿ, ಖರ್ಜೂರ, ಉಪ್ಪು ಇವುಗಳ ವಿನಿಮಯ ಕೈಯಿಂದ ಕೈಗೆ ಆಗಬೇಕು ಎಂಬ ಹದೀಸ್‌ನಿಂದಾಗಿ, ದುಡ್ಡು ಈಗ ಕೊಟ್ಟು ಚಿನ್ನ ಆಮೇಲೆ ಪಡೆಯುವುದನ್ನು ಹೆಚ್ಚಿನ ಉಲೇಮಾಗಳು ಒಪ್ಪುವುದಿಲ್ಲ. ನನ್ನ ತಕರಾರು ಬೇರೆ. ಅಂಗಡಿ ಮುಚ್ಚಿದರೆ ಆ ಕಂತಿನ ಕಾರ್ಡು ಹಿಡಿದು ಎಲ್ಲಿ ಸಾಲು ನಿಲ್ಲುತ್ತೀರಿ? ದುಡ್ಡು ಕೂಡಿದಾಗೆಲ್ಲ ಒಂದು ಗ್ರಾಂ, ಎರಡು ಗ್ರಾಂ ನಾಣ್ಯ ಕೊಂಡು, ಹಾಲ್‌ಮಾರ್ಕ್ ನೋಡಿ, ಬಿಲ್ ಸಮೇತ ಅವತ್ತೇ ಮನೆಗೆ ತನ್ನಿ.